ಮುಳ್ಳು ಹಚ್ಚಿದ ಮನೆಯ ಹುಡುಗಿಗೆ ಸೀಟಿಲ್ಲ

ವಸತಿ ಪ್ರೌಢಶಾಲೆಯ ಪ್ರವೇಶ ಸಮಿತಿಯ ಅಧ್ಯಕ್ಷರಿಗೆ, ಬೀದರ.

ಮಾನ್ಯರೇ,

ನಮ್ಮ ಮನೆಯ ಬಾಗಿಲಿಗೆ ಮುಳ್ಳಿತ್ತು. ಆ ಕಾರಣಕ್ಕೆ ನನ್ನ ತಂಗಿ ಪಂಚಶೀಲಾ ಪರೀಕ್ಷೆ ಬರೆದು ಗಳಿಸಿದ್ದ ಸೀಟನ್ನು ನೀವು ರದ್ದು ಮಾಡಿದಿರಿ. ನಿಮ್ಮ ಆದೇಶದಲ್ಲಿ ಮುಳ್ಳು ಎಂಬ ಮಾತಿಲ್ಲ. ‘ಸದರಿ ಕುಟುಂಬವು ಜಿಲ್ಲೆಯಲ್ಲಿ ವಾಸವಿರುವುದಿಲ್ಲವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ’ ಎಂದಿದೆ. ನಿಮ್ಮವರು ನೋಡಿದ ಸ್ಥಳದಲ್ಲಿ ಒಂದು ಬಾಗಿಲು, ಅದಕ್ಕೊಂದು ಮುಳ್ಳಿನ ಕಂಟಿ, ಅದರ ಮುಂದೆ ಒಂದು ರಂಗೋಲಿ ಇದ್ದವು. ಕಂಟಿ ಕಾಣಿಸಿತು, ರಂಗೋಲಿ ಕಾಣಿಸಲಿಲ್ಲ. ಈ ಪತ್ರ ಅಷ್ಟಕ್ಕೇ.

ಇದನ್ನು ನಿಮ್ಮ ಕಚೇರಿಗೆ ಕೊಡದೆ ಪತ್ರಿಕೆಗೆ ಯಾಕೆ ಕೊಟ್ಟೆ ಎಂದು ನೀವು ಬೇಸರಪಡಬಹುದು. ಕಚೇರಿಗೂ ಕೊಟ್ಟಿದ್ದೇವೆ. ಟಪ್ಪಾಲು ತೆಗೆದುಕೊಳ್ಳುವ ಕಿಟಕಿಯಲ್ಲಿ ಠಸ್ಸೆ ಹೊಡೆದು ಕಳಿಸಿದರು. ಠಸ್ಸೆಯ ನಂತರ ಅರ್ಜಿ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ‘ಮ್ಯಾಲ ಹೋಗ್ತದ’ ಅಂದರು. ಮೇಲೆ ಹೋದದ್ದು ಕೆಳಗೆ ಬರುವ ದಾರಿಯನ್ನು ಯಾರೂ ಹೇಳಲಿಲ್ಲ. ಬಾಯಿಂದ ಹೇಳೋಣವೆಂದರೆ ನನಗೆ ದೊಡ್ಡವರ ಎದುರು ಮಾತು ಹೊರಡುವುದಿಲ್ಲ. ನಾನು ಓದಿದ್ದು ಐದನೆಯವರೆಗೆ. ಆಗ ನಮ್ಮೂರ ಸಾಲಿ ಅಲ್ಲಿಗೇ ಮುಗಿಯುತ್ತಿತ್ತು. ಪತ್ರದಲ್ಲಿ ತಪ್ಪುಗಳಿದ್ದರೆ ಅವು ನನ್ನವೇ. ನಮ್ಮೂರ ಸಾಲಿಯ ಸಲೋಮಿ ಟೀಚರ್ ತಿದ್ದಿಕೊಡುತ್ತಿದ್ದರು, ಆದರೆ ಅವರಿಗೆ ತೋರಿಸಲಿಲ್ಲ. ಅವರಿಗೆ ನೀವು ಒಂದು ನೋಟಿಸು ಕೊಟ್ಟಾಗಿದೆ, ಎರಡನೆಯದು ನನ್ನಿಂದ ಬರುವುದು ಬೇಡ.

ಮೊದಲು ಮುಳ್ಳಿನ ಸಂಗತಿ ಹೇಳುತ್ತೇನೆ. ಔರಾದ ತಾಲ್ಲೂಕಿನ ಅಂಚಿನ ಊರು ನಮ್ಮದು, ಇತ್ತ ಕಮಲನಗರದ ಸಂತೆ, ಅತ್ತ ಮಹಾರಾಷ್ಟ್ರ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಓಣಿಯ ಅರ್ಧಕ್ಕರ್ಧ ಜನ ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋಗುತ್ತಾರೆ, ಯುಗಾದಿಗೆ ತಿರುಗಿ ಬರುತ್ತಾರೆ. ಹೋಗುವ ದಿನ ಮನೆ ಸಾರಿಸಿ, ಒಲೆಯ ಬೂದಿ ತೆಗೆದು, ಬಾಗಿಲು ಹಾಕಿ, ಬಾಗಿಲಿಗೆ ಅಡ್ಡವಾಗಿ ಬಾರಿಕಂಟಿ, ಅಂದರೆ ಬೋರೆಗಿಡದ ಮುಳ್ಳಿನ ಟೊಂಗೆ, ಹಚ್ಚಿ ಹಗ್ಗದಿಂದ ಬಿಗಿಯುತ್ತಾರೆ. ನಾಯಿ, ಆಡು ಒಳಗೆ ನುಗ್ಗಬಾರದೆಂದು ಒಂದು ಕಾರಣ. ಇನ್ನೊಂದು ಕಾರಣ ಓಣಿಗೆಲ್ಲ ಗೊತ್ತಿರುವುದು: ಈ ಮನೆಯವರು ಬರುತ್ತಾರೆ, ಯಾರೂ ಕೈ ಹಚ್ಚಬೇಡಿ ಎಂದು ಅದರ ಅರ್ಥ. ಊರನ್ನು ಪೂರಾ ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋದವರ ಮನೆಗಳೂ ಇವೆ. ಅವುಗಳ ಬಾಗಿಲಿಗೆ ಏನೂ ಇಲ್ಲ, ಕೆಲವಕ್ಕೆ ಬಾಗಿಲೇ ಇಲ್ಲ. ತಿರುಗಿ ಬರದವರು ಮುಳ್ಳು ಯಾಕೆ ಹಚ್ಚುತ್ತಾರೆ? ಅಂದರೆ, ಮಾನ್ಯರೇ, ಈ ಮನೆಗೆ ಜನ ಇದ್ದಾರೆ ಎಂದು ಹೇಳಲು ನಾವು ಇಟ್ಟ ಗುರುತನ್ನೇ ನಿಮ್ಮವರು ಜನ ಇಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡರು. ಬೀದರ ಜಿಲ್ಲೆಯಲ್ಲಿ ನೌಕರಿ ಮಾಡುವವರಿಗೆ ಇದು ತಿಳಿದಿರಬೇಕಿತ್ತೇ ಎಂದು ನಾನು ಕೇಳುವುದಿಲ್ಲ. ತಿಳಿಯದಿದ್ದರೆ ಕೇಳಬಹುದಿತ್ತಲ್ಲ ಎಂದು ಕೇಳುತ್ತೇನೆ.

ಕಬ್ಬು ಕಡಿಯುವ ಫಡದಲ್ಲಿ ಮನುಷ್ಯರನ್ನು ತಲೆಯಿಂದ ಎಣಿಸುವುದಿಲ್ಲ, ಕೋಯ್ತಾದಿಂದ ಎಣಿಸುತ್ತಾರೆ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಕೂಲಿಯವರನ್ನು ಹೊಂದಿಸಿ ಒಯ್ಯುವ ಮುಕಾದಮನ ಬಾಯಲ್ಲಿ ಒಂದು ಕೋಯ್ತಾ ಅಂದರೆ ಒಂದು ಜೋಡಿ, ಹೆಚ್ಚಾಗಿ ಗಂಡ ಹೆಂಡತಿ. ಒಬ್ಬನು ಕಡಿಯಬೇಕು, ಇನ್ನೊಬ್ಬಳು ಕಟ್ಟಿ ಹೊರಬೇಕು. ಒಬ್ಬರೇ ಹೋದರೆ ಅರ್ಧ ಕೋಯ್ತಾ, ಅರ್ಧವನ್ನು ಯಾರೂ ಲಾರಿಗೆ ಹತ್ತಿಸಿಕೊಳ್ಳುವುದಿಲ್ಲ. ನಮ್ಮ ಅವ್ವ ಕೌಸಲ್ಯಾಬಾಯಿಯ ಸೊಂಟ ಬಿದ್ದ ಮೇಲೆ ಅಪ್ಪನ ಇನ್ನರ್ಧ ನಾನಾದೆ. ಅವ್ವನನ್ನು ಹಿಂದೆ ಬಿಡಲಾಗದೆ ಜೊತೆಗೇ ಒಯ್ಯುತ್ತೇವೆ, ಫಡದ ಗುಡಿಸಲಲ್ಲಿ ಒಲೆ ನೋಡಿಕೊಳ್ಳುತ್ತಾಳೆ. ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಲಗ್ನ ಯಾಕೆ ಬೇಗ ಆಗುತ್ತದೆ ಎಂದು ಭಾಷಣ ಮಾಡುವವರಿಗೆ ಕೋಯ್ತಾ ಎಂಬುದೊಂದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಜೋಡಿ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಆ ಆರು ತಿಂಗಳ ಅನ್ನವಿಲ್ಲ. ಹೀಗಾಗಿ ಜೋಡಿ ಮಾಡುತ್ತಾರೆ.

ಪಂಚಶೀಲಾಳನ್ನು ಮಾತ್ರ ಲಾರಿ ಹತ್ತಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದ. ನಮ್ಮೂರ ಸಾಲಿ ಈಗ ಏಳನೆಯವರೆಗೆ ಆಗಿದೆ. ಆಕೆಯನ್ನು ಎದುರು ಮನೆಯ ಖುರ್ಷಿದ ಬೇಗಂ ಅವರ ಬಳಿ ಬಿಟ್ಟು ಹೋಗುತ್ತಿದ್ದೆವು. ನಾವು ಅವರನ್ನು ಖಾಲಾ ಅನ್ನುತ್ತೇವೆ. ಅವರ ಗಂಡ ಉಸ್ಮಾನ ಮಿಯಾ ತೀರಿಕೊಂಡ ಮೇಲೆ ಅವರೊಬ್ಬರೇ, ಕೌದಿ ಹೊಲಿದುಕೊಂಡು ಇದ್ದಾರೆ. ತಂಗಿ ಅವರಲ್ಲಿ ಉಂಡು, ಮಲಗಿ, ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಮನೆಯ ಮುಂದೆ ಬಂದು ಕಸ ಗುಡಿಸಿ ಆ ಮುಳ್ಳಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ಖಾಲಿ ಕೊಡ ಎಂಬ ಪರಿಸ್ಥಿತಿ. ಈ ವರ್ಷದ ಬೇಸಿಗೆಯಲ್ಲೇ ಲಾತೂರಿಗೆ ರೈಲಿನಲ್ಲಿ ನೀರು ತಂದದ್ದನ್ನು ಎಲ್ಲ ಪೇಪರಿನವರೂ ಬರೆದರು. ನಮ್ಮೂರಿಗೆ ರೈಲೂ ಇಲ್ಲ. ನೀರು ಚಿಮುಕಿಸದೆ ಒಣ ನೆಲದ ಮೇಲೆ ಹಾಕಿದ ರಂಗೋಲಿ ಮಧ್ಯಾಹ್ನದ ಗಾಳಿಗೆ ಹಾರಿಹೋಗುತ್ತದೆ. ಮರುದಿನ ಮತ್ತೆ ಹಾಕುತ್ತಿದ್ದಳು. ಮುಚ್ಚಿದ ಮನೆಗೆ ರಂಗೋಲಿ ಯಾಕೆ ಎಂದು ಖಾಲಾ ಕೇಳಿದ್ದಕ್ಕೆ, “ಮನಿ ಮುಚ್ಚ್ಯದ, ಸತ್ತಿಲ್ಲಲ್ಲ ಖಾಲಾ” ಅಂದಿದ್ದಳಂತೆ.

ನಿಮ್ಮ ಶಾಲೆಯ ಪರೀಕ್ಷೆಯ ಸುದ್ದಿ ತಂದವರು ಸಲೋಮಿ ಟೀಚರ್. ಅವರು ಕಮಠಾಣದವರು, ನಮ್ಮೂರ ಸಾಲಿಗೆ ದಿನಾಲು ಬಸ್ಸಿನಲ್ಲಿ ಬಂದುಹೋಗುತ್ತಾರೆ. ಸಂಕ್ರಾಂತಿಯ ನಂತರ ಭಾಲ್ಕಿಯಲ್ಲಿ ಪರೀಕ್ಷೆ ಇತ್ತು, ಅವರೇ ಕರೆದುಕೊಂಡು ಹೋದರು. ಫಲಿತಾಂಶ ಬಂದಾಗ ನಾವು ಫಡದಲ್ಲಿದ್ದೆವು. ಫೋನು ಮುಕಾದಮನ ಬಳಿ ಬಂತು. ಅವನು ಅಪ್ಪನನ್ನು ಕರೆದು, “ಏ ಮಾಣಿಕ, ನಿನ ಮಗಳು ಪಾಸಾಗಿ ಬೀದರ ಸಾಲಿಗಿ ಹೊಂಟಾಳಂತ. ನಾಳಿ ಸಾಯೇಬ ಆದ್ಲಂದ್ರ ನನಗ ಕುರ್ಚಿ ಕೊಡ್ತಾಳೋ ಇಲ್ಲೋ?” ಅಂದ. ಅಪ್ಪ ಕತ್ತಿ ಕೆಳಗಿಡದೆಯೇ, “ಕೊಡ್ತಾಳ್ರಿ, ಯಾಕ ಕೊಡೂದಿಲ್ಲ? ಮೊದಲ ಚಪ್ಪಲ್ ಹೊರಗ ಬಿಡಸ್ತಾಳ” ಅಂದ. ಫಡದವರೆಲ್ಲ ನಕ್ಕರು, ಮುಕಾದಮನೂ ನಕ್ಕ. ಅದಕ್ಕೆ ಮೊದಲು ಅವನು ತನ್ನ ನೆಂಟರಲ್ಲೊಬ್ಬ ಹುಡುಗನ ಹೆಸರು ಹೇಳಿ, ಮುಂದಿನ ಹಂಗಾಮಿಗೆ ಪಂಚಶೀಲಾಳೊಂದಿಗೆ ಅವನದೊಂದು ಕೋಯ್ತಾ ಮಾಡಿಬಿಡೋಣ ಎಂದು ಅಪ್ಪನ ಕಿವಿಗೆ ಹಾಕಿದ್ದ. ಆ ಫೋನು ಬಂದ ಮೇಲೆ ಅವನು ಆ ಮಾತು ಎತ್ತಲಿಲ್ಲ. ನಿಮ್ಮ ಶಾಲೆಯ ಹೆಸರಿಗೆ ಅಷ್ಟು ಶಕ್ತಿ ಇತ್ತು. ನಿಮಗೆ ಅದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ನಿಮ್ಮ ಪರಿಶೀಲಕರು ಮೋಟರ್ ಸೈಕಲ್ ಮೇಲೆ ಬಂದರು. ತಂಗಿ ಸಾಲಿಗೆ ಹೋಗಿದ್ದಳು, ಸಾಲಿ ನಮ್ಮ ಓಣಿಯಿಂದ ಕೂಗಿದರೆ ಕೇಳುವಷ್ಟು ದೂರ. ಅವರು ಮುಳ್ಳು ನೋಡಿದರು. ಎದುರು ಮನೆಯ ಬಾಗಿಲ ಮರೆಯಲ್ಲಿ ನಿಂತ ಖಾಲಾರನ್ನು ಕೇಳಿದರು. ಈ ಮನೆಯವರು ಎಲ್ಲಿ? ಕಬ್ಬಿಗೆ ಹೋಗಿದ್ದಾರೆ. ಎಲ್ಲಿ ಕಬ್ಬು? ಮಹಾರಾಷ್ಟ್ರದಲ್ಲಿ. ಹುಡುಗಿ? ಇಲ್ಲಿ ಖಾಲಾ ಒಂದು ಸುಳ್ಳು ಹೇಳಿದರು. “ಆಕಿನೂ ಅವರ ಜೋಡಿ ಹೋಗ್ಯಾಳ್ರಿ” ಅಂದುಬಿಟ್ಟರು.

ಮಾನ್ಯರೇ, ಈ ಸುಳ್ಳನ್ನು ನೀವು ಚೆನ್ನಾಗಿ ನೋಡಬೇಕು. ನಮ್ಮ ಓಣಿಯಲ್ಲಿ ತಂದೆತಾಯಿ ಕಬ್ಬಿಗೆ ಹೋದಾಗ ಹಿಂದೆ ಉಳಿದ ಹುಡುಗಿಯ ಬಗ್ಗೆ ಗುರುತಿಲ್ಲದ ಗಂಡಸು ಬಂದು ಕೇಳಿದರೆ ಎಲ್ಲರೂ ಹೇಳುವುದು ಇದೇ. ಹುಡುಗಿ ಒಬ್ಬಳೇ ಇದ್ದಾಳೆ ಎಂದು ಯಾರೂ ಹೇಳುವುದಿಲ್ಲ. ಹೇಳಬಾರದೆಂದು ಅವ್ವ ಲಾರಿ ಹತ್ತುವಾಗ ಖಾಲಾರ ಕೈ ಹಿಡಿದು ಕೇಳಿಕೊಂಡಿದ್ದಳು. ನಿಮ್ಮವರು ತಾವು ಯಾರೆಂದು ಹೇಳಲಿಲ್ಲ, ಸಾಲಿಯ ಹೆಸರೆತ್ತಲಿಲ್ಲ. ತೋಳಲ್ಲೊಂದು ಚೀಲ, ಕೈಯಲ್ಲೊಂದು ಪೆನ್ನು. ಲಗ್ನ ಹೊಂದಿಸುವವರೂ, ಹುಡುಗಿಯರನ್ನು ಕೆಲಸಕ್ಕೆಂದು ಕರೆದೊಯ್ಯುವವರೂ ಹಾಗೇ ಬರುತ್ತಾರೆ. ಖಾಲಾ ತಮಗೆ ಒಪ್ಪಿಸಿದ ಮಗಳನ್ನು ಕಾದರು. ಹಾಗೆ ಕಾದ ಮಾತಿನಿಂದಲೇ ಆಕೆಯ ಸೀಟು ಹೋಯಿತು. ಇದನ್ನು ನೆನೆದು ಅವರು ಈಗಲೂ ನಮ್ಮ ಮನೆಗೆ ಬಂದರೆ ಕೂರುವುದಿಲ್ಲ, ನಿಂತೇ ಮಾತಾಡಿ ಹೋಗುತ್ತಾರೆ.

ಯುಗಾದಿಗೆ ಬಂದಾಗ ನಿಮ್ಮ ಆದೇಶ ನಮಗಾಗಿ ಕಾದಿತ್ತು. ಸಲೋಮಿ ಟೀಚರಿಗೂ ಒಂದು ನೋಟಿಸು ಬಂದಿತ್ತು. ಜಿಲ್ಲೆಯಲ್ಲಿಯೇ ಇಲ್ಲದ ಹುಡುಗಿಗೆ ಹಾಜರಿ ಹಾಕಿದ್ದೀರಿ, ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ಎದುರಿಗೆ ಕೂತು ಪಾಠ ಕೇಳಿದ ಹುಡುಗಿಯನ್ನು ಕೂತಿದ್ದಾಳೆ ಎಂದು ಬರೆದದ್ದು ಅಪರಾಧ. ಇನ್ನು ಮೇಲೆ ಟೀಚರುಗಳು ಮಕ್ಕಳ ಮುಖ ನೋಡಿ ಹಾಜರಿ ಹಾಕಬೇಕೋ, ಮನೆಯ ಬಾಗಿಲು ನೋಡಿ ಬಂದು ಹಾಕಬೇಕೋ, ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ.

ಮೇ ತಿಂಗಳ ಬಿಸಿಲಲ್ಲಿ ನಿಮ್ಮ ಕಚೇರಿಗೆ ಬಂದೆವು. ಅಪ್ಪ, ನಾನು, ಪಂಚಶೀಲಾ, ಖಾಲಾ. ಹಿಂದಿನ ದಿನ ಚಿದ್ರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡು, ಒಗೆದ ಬಟ್ಟೆ ಉಟ್ಟು ಬಂದಿದ್ದೆವು. ಊರಾಚೆಗೆ ಹೆಚ್ಚಾಗಿ ಹೋಗದ ಖಾಲಾ ತಾವೇ ಸಾಕ್ಷಿ ಹೇಳುತ್ತೇನೆಂದು ಹೊರಟಿದ್ದರು. ನಿಮ್ಮ ಗುಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡು, ಬುದ್ಧಿವಂತರು ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಅವತ್ತ ಒಂದು ಹೇಳೀರಿ, ಇವತ್ತ ಒಂದು ಹೇಳ್ತೀರಿ. ಯಾವುದು ಖರೇ ಅಂತ ತಿಳೀಬೇಕ್ರಿ ನಾವು?”

ಖಾಲಾ ಹೇಳಿದರು. “ಸಾಬ್, ಗುರುತಿಲ್ಲದ ಪರಾಯಾ ಮನಷ್ಯಾಗ ಹೆಣ್ಣುಕೂಸಿನ ಪತ್ತಾ ಹ್ಯಾಂಗ ಹೇಳಬೇಕ್ರಿ? ಅದು ನಿಮ್ಮ ಮಗಳ ಆಗಿದ್ರ ನಾ ಖರೇ ಹೇಳಬೇಕಿತ್ತೇನು?”

ಗುಮಾಸ್ತರು ಕಡತ ಮುಚ್ಚಿದರು. ಪಾಪ, ಅವರೂ ಮಗಳಿರುವವರೇ ಇರಬೇಕು. ಅಧ್ಯಕ್ಷರು ಬರುತ್ತಾರೆ, ಅವರಿಗೇ ಹೇಳಿಕೊಳ್ಳಿ ಅಂದರು.

ನೀವು ಸಂಜೆಯ ಹೊತ್ತಿಗೆ ಬಂದಿರಿ. ನಿಮಗೆ ನೆನಪಿರಲಾರದು. ಜೀಪಿನ ಬಾಗಿಲ ಮೇಲೆ ಕೈಯಿಟ್ಟುಕೊಂಡೇ ಅಪ್ಪನ ಮಾತು ಕೇಳಿದಿರಿ. ಅಪ್ಪ ಮುಳ್ಳಿನ ಸಂಗತಿ ಹೇಳಲು ಹೊರಟಾಗ ನಿಮ್ಮ ಜೊತೆಗಿದ್ದವರೊಬ್ಬರು ನಕ್ಕರು, ನೀವು ನಗಲಿಲ್ಲ. ಅದಕ್ಕೆ ನಾನು ಕೃತಜ್ಞಳು. ಹಾಗೆ ಬರೆಯಲು ಕಾರಣ, ಆ ದಿನ ನಮಗೆ ಸಿಕ್ಕದ್ದು ಅದೊಂದೇ. ನೀವು ಪಂಚಶೀಲಾಳ ತಲೆ ಸವರಿ, ನಿಯಮ ನಿಯಮವೇ, ಈಗ ಸೀಟು ಮುಂದಿನವರಿಗೆ ಹೋಗಿದೆ, ಮುಂದಿನ ವರ್ಷ ಪ್ರಯತ್ನಿಸು, ಚೆನ್ನಾಗಿ ಓದು ಅಂದಿರಿ. ನಿಮ್ಮ ಪರೀಕ್ಷೆಯನ್ನು ಏಳನೆಯಲ್ಲಿ ಓದುವವರು ಮಾತ್ರ ಬರೆಯಬಹುದು ಎಂಬುದು ನಿಮ್ಮದೇ ನಿಯಮ. ಆಕೆ ಏಳನೆಯದನ್ನು ಮುಗಿಸಿದ್ದಳು. ಅಂದರೆ ನೀವು ಆಕೆಗೆ ಫೇಲಾಗು ಅಂದಿರಾ? ಅದಕ್ಕೂ ಕಾಲ ಮಿಂಚಿತ್ತು, ಆಕೆ ತಾಲ್ಲೂಕಿಗೇ ಮುಂದಾಗಿ ಪಾಸಾಗಿದ್ದಳು. ನಾನು ಕಂಬದ ಹಿಂದೆ ನಿಂತು ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿದೆ. ಜೀಪು ಹೋಯಿತು.

ಹೊರ ಜಿಲ್ಲೆಯವರು ಸುಳ್ಳು ವಿಳಾಸ ತೋರಿಸಿ ಸೀಟು ಹೊಡೆಯುತ್ತಾರೆ, ಅದಕ್ಕೇ ಈ ಪರಿಶೀಲನೆ ಎಂದು ಹೇಳಿದಿರಿ. ಒಳ್ಳೆಯದೇ. ಆದರೆ ಔರಾದಿನಲ್ಲಿ ಮಾತಾಡಿಕೊಳ್ಳುವುದನ್ನು ನೀವೂ ಕೇಳಿರಬಹುದು. ಊರಲ್ಲೊಂದು ಖೋಲಿ ಬಾಡಿಗೆಗೆ ಹಿಡಿದು, ಬಾಗಿಲಿಗೊಂದು ಹೂವಿನ ಪರದೆ ಕಟ್ಟಿ, ಪರಿಶೀಲನೆಯ ವಾರ ಯಾರಾದರೊಬ್ಬರನ್ನು ಕೂರಿಸಿದರೆ ಅವರು ಇಲ್ಲಿಯ ವಾಸಿಗಳು. ಅವರ ಮಕ್ಕಳು ಬೆಳೆದದ್ದು, ಓದಿದ್ದು ಎಲ್ಲೋ. ಪರದೆ ಕಟ್ಟಿದವರಿಗೆ ಈ ಊರಿನ ಬಾವಿ ಗೊತ್ತಿಲ್ಲ, ಸ್ಮಶಾನ ಗೊತ್ತಿಲ್ಲ, ಹೋಗುವಾಗ ಮುಳ್ಳು ಹಚ್ಚಬೇಕೆಂಬುದೂ ಗೊತ್ತಿಲ್ಲ. ನಮ್ಮ ಅಜ್ಜ, ಅವರಪ್ಪ ಇದೇ ಮಣ್ಣಲ್ಲಿ ಮಲಗಿದ್ದಾರೆ. ಆದರೂ ಪರದೆ ವಾಸ, ಮುಳ್ಳು ವಲಸೆ. ಹೊಟ್ಟೆಗಾಗಿ ಊರು ಬಿಟ್ಟವನು ಊರಿನವನಲ್ಲ, ಸೀಟಿಗಾಗಿ ಊರಿಗೆ ಬಂದವನು ಊರಿನವನು. ಬರಗಾಲದ ಪಟ್ಟಿಯಲ್ಲಿ ನಮ್ಮ ತಾಲ್ಲೂಕನ್ನು ಸರಕಾರವೇ ಸೇರಿಸಿತ್ತು. ಒಂದು ಕಚೇರಿ ಇಲ್ಲಿ ಬದುಕಲಾಗದು ಎಂದು ಬರೆಯುತ್ತದೆ, ಇನ್ನೊಂದು ಕಚೇರಿ ಇವರು ಯಾಕೆ ಇಲ್ಲಿ ಬದುಕುತ್ತಿಲ್ಲ ಎಂದು ಕೇಳುತ್ತದೆ. ಎರಡೂ ಒಂದೇ ಕಟ್ಟಡದಲ್ಲಿರಬಹುದು, ನನಗೆ ತಿಳಿಯದು.

ಬೇರೆ ಪ್ರೌಢಶಾಲೆಗಳಿಲ್ಲವೇ ಎಂದು ಕೇಳುತ್ತೀರಿ. ಒಂದಿದೆ, ಬಸ್ಸಿನ ದಾರಿ. ಜೂನಿನಿಂದ ಪಂಚಶೀಲಾ ಅಲ್ಲಿಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಹೋದ ಬಸ್ಸು ಕತ್ತಲಾಗುವ ಹೊತ್ತಿಗೆ ತಿರುಗುತ್ತದೆ. ಈಗ ಅಪ್ಪ ಹೆದ್ದಾರಿಯವರೆಗೆ ಎದುರು ಹೋಗಿ ಕರೆತರುತ್ತಾನೆ. ನಾವು ಹೋದ ಮೇಲೆ, ಓಣಿ ಖಾಲಿಯಾದ ಮೇಲೆ, ಯಾರು ಕರೆತರಬೇಕು? ಖಾಲಾರ ಕಣ್ಣಿಗೆ ಪೊರೆ ಬಂದಿದೆ. ಈ ವರ್ಷವಾದರೂ ನಿಲ್ಲೋಣವೆಂದರೆ, ಮೂರು ವರ್ಷ ಬಾರದ ಮಳೆ ಬರಬೇಕಾದಾಗ ಬಾರದೆ ಹೆಸರು ಉದ್ದು ಕೀಳುವ ಹೊತ್ತಿಗೆ ಒಮ್ಮೆಗೇ ಸುರಿಯಿತು. ಕಾಯಿ ಹೊಲದಲ್ಲೇ ಕೊಳೆತವು. ಕೀಳುವ ಬೆಳೆ ಇಲ್ಲದಿದ್ದರೆ ಕೂಲಿಯವರಿಗೆ ಕೆಲಸವಿಲ್ಲ. ಅಪ್ಪ ಮುಕಾದಮನಿಗೆ ಹೂಂ ಅಂದಾಗಿದೆ. ಸಾಲಿಯ ಸುದ್ದಿ ಮುಗಿಯಿತೆಂದು ಗೊತ್ತಾದ ಮೇಲೆ ಅವನು ಆ ಹುಡುಗನ ಮಾತನ್ನೂ ಮತ್ತೆ ತೆಗೆದಿದ್ದಾನೆ. ಅಪ್ಪ ಇಲ್ಲ ಅನ್ನಲಿಲ್ಲ. ನೋಡೋಣ ಅಂದ. ಅಪ್ಪನ ಬಾಯಲ್ಲಿ ನೋಡೋಣ ಎಂಬ ಮಾತನ್ನು ನಾನು ನನ್ನ ವಿಷಯದಲ್ಲೂ ಕೇಳಿದ್ದೇನೆ. ಮರುವರ್ಷ ನನ್ನ ಕೈಯಲ್ಲಿ ಕತ್ತಿ ಇತ್ತು.

ಪಂಚಶೀಲಾ ಅಳುವುದಿಲ್ಲ. ಅತ್ತಿದ್ದರೆ ನಮಗೆ ಹಗುರವಾಗುತ್ತಿತ್ತು. ಮೊನ್ನೆ ಆಕೆ ನನ್ನನ್ನು ಕರೆದು, ಕಬ್ಬಿನ ಗರಿ ಕೈ ಕೊಯ್ಯದ ಹಾಗೆ ಹೇಗೆ ಹಿಡಿಯಬೇಕು ಎಂದು ಕೇಳಿದಳು. ಪರೀಕ್ಷೆಗೆ ಓದುವಾಗ ಸಲೋಮಿ ಟೀಚರನ್ನು ಕೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ. ನಾನು ಹೇಳಿಕೊಡಲಿಲ್ಲ. ಹೇಳಿಕೊಡದಿದ್ದರೆ ಕೈ ಕೊಯ್ದುಕೊಳ್ಳುವವಳು ಆಕೆಯೇ ಎಂಬುದು ನನಗೆ ಗೊತ್ತು.

ಸೀಟು ಕೊಡಿ ಎಂದು ನಾನು ಕೇಳುವುದಿಲ್ಲ. ಆ ಸೀಟಿನಲ್ಲಿ ಈಗ ಇನ್ನೊಂದು ಮಗು ಕೂತಿದೆ, ಅದನ್ನು ಎಬ್ಬಿಸಿ ಅನ್ನುವಷ್ಟು ಗಟ್ಟಿ ಮನಸ್ಸು ನನ್ನದಲ್ಲ. ನಾನು ಕೇಳುವುದು, ಸಲೋಮಿ ಟೀಚರಿಗೆ ಕೊಟ್ಟ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವರು ಸುಳ್ಳು ಬರೆದಿಲ್ಲ. ಬರುವ ವರ್ಷ ನಮ್ಮ ಕಡೆಯ ಇನ್ನಾವುದಾದರೂ ಹುಡುಗಿ ಪಾಸಾದರೆ ನಿಮ್ಮವರನ್ನು ಮನೆಯ ಬಾಗಿಲಿಗೆ ಕಳಿಸಬೇಡಿ, ಸಾಲಿಯ ಬಾಗಿಲಿಗೆ ಕಳಿಸಿ. ಹುಡುಗಿಯರು ಅಲ್ಲಿ ಸಿಗುತ್ತಾರೆ. ಓಣಿಗೇ ಬರುವುದಾದರೆ ಹೆಂಗಸೊಬ್ಬರನ್ನು ಜೊತೆಗೆ ಕಳಿಸಿ, ಮೊದಲು ತಾವು ಯಾರೆಂದು ಹೇಳಲಿ. ಖಾಲಾರಂಥವರು ಆಗ ನಿಜ ಹೇಳುತ್ತಾರೆ. ಇದನ್ನು ನೀವು ಮಾಡುತ್ತೀರಿ ಎಂಬ ನಂಬಿಕೆಯಿಂದ ಬರೆದಿಲ್ಲ. ಕೇಳಲಿಲ್ಲ ಎಂದು ನಾಳೆ ಯಾರೂ ಅನ್ನಬಾರದೆಂದು ಬರೆದಿದ್ದೇನೆ.

ದಸರೆ ಮುಗಿದಿದೆ. ನಿನ್ನೆ ಅಪ್ಪ ಬಾರಿಕಂಟಿ ಕಡಿದು ತಂದು ಗೋಡೆಗೆ ಆನಿಸಿದ. ಅವ್ವ ಬಹಳ ಹೊತ್ತು ಅದನ್ನು ನೋಡುತ್ತ ಕೂತಿದ್ದು, “ಈ ಸಲ ಮುಳ್ಳ ಹಚ್ಚೂದ ಬ್ಯಾಡೇನ? ಸಾಯೇಬರು ಬಂದು ಮತ್ತ ನಾವು ಇಲ್ಲ ಅಂತ ಬರಕೊಂಡರ?” ಅಂದಳು. ಹಾಗೇ ಬಿಟ್ಟರೆ ನಾಯಿ ನುಗ್ಗುತ್ತದೆ, ಆಗಲಿ, ನುಗ್ಗಲಿ, ಮನೆಯಲ್ಲಿ ಏನಿದೆ ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಪಂಚಶೀಲಾ ಹೇಳಿದಳು, “ಹಚ್ಚವ್ವಾ. ಇಲ್ಲಂದ್ರ ನಾವು ತಿರುಗಿ ಬರೂದಿಲ್ಲ ಅಂತ ಓಣಿಯವರು ತಿಳೀತಾರ.”

ದೀಪಾವಳಿಯ ನಂತರ ಲಾರಿ ಬರುತ್ತದೆ. ಈ ಸಲ ನಾಲ್ಕೂ ಜನ ಹತ್ತುತ್ತೇವೆ, ಮುಳ್ಳಿನ ಮುಂದೆ ರಂಗೋಲಿ ಹಾಕಲು ಯಾರೂ ಇರುವುದಿಲ್ಲ. ನಿಮ್ಮ ಪರಿಶೀಲಕರು ಬಂದು ಕೇಳಿದರೆ ಖಾಲಾ ಅದೇ ಮಾತು ಹೇಳುತ್ತಾರೆ, ಆಕೆಯೂ ಅವರ ಜೋಡಿ ಹೋಗಿದ್ದಾಳೆ ಎಂದು. ಅದು ಸುಳ್ಳಾಗಿರುವುದಿಲ್ಲ. ಆ ಪರಿಶೀಲಕರನ್ನು ಬೈಯಬೇಡಿ, ಮಾನ್ಯರೇ. ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ, ಒಂದು ವರ್ಷ ಮುಂಚೆ ಬಂದಿದ್ದರು, ಅಷ್ಟೇ.

ಇಂತಿ,
ದೀಪಾವಳಿಯವರೆಗೆ ಮಾತ್ರ ಮನೆಯಲ್ಲಿ ಸಿಗುವ,
ನಿಮ್ಮ ಆದೇಶದ ಪ್ರಕಾರ ಈ ಜಿಲ್ಲೆಯಲ್ಲಿ ವಾಸವೇ ಇಲ್ಲದ,
ಪಂಚಶೀಲಾಳ ಅಕ್ಕ